ನಡೆದು ಬರುವ ಗೊಬ್ಬರ

ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಗೊಬ್ಬರ ನಡೆದುಕೊಂಡು ಹೊಲಕ್ಕೆ ಬರುತ್ತದೆ. ಅಂಗಡಿಯ ಚೀಲ ಇಲ್ಲಿಗೂ ಬಂದಿದೆ. ತಿಪ್ಪೆಗೊಬ್ಬರ ಹೇರಿದ ಚಕ್ಕಡಿ, ಟ್ರ್ಯಾಕ್ಟರುಗಳೂ ಓಡಾಡುತ್ತವೆ. ಆದರೆ ಎಳ್ಳ ಅಮಾವಾಸ್ಯೆ ಕಳೆದು ಸಂಕ್ರಾಂತಿಯ ಗಾಳಿ ಬೀಸುವ ಹೊತ್ತಿಗೆ ಈ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದೇ ಬೇರೆ. ಸಜ್ಜೆ ಕೊಯ್ದು, ಶೇಂಗಾ ಕಿತ್ತು ಬರಿದಾದ ಮಸಾರಿ ಹೊಲಗಳಿಗೆ ಸಂಜೆಯಾಗುತ್ತಲೇ ನೂರಾರು ಕುರಿಗಳು ಬಂದು ನಿಲ್ಲುತ್ತವೆ. ರಾತ್ರಿಯಿಡೀ ಅಲ್ಲೇ ಮಲಗಿ, ಮೆಲುಕು ಹಾಕಿ, ಬಿಸಿಲೇರಿದ ಮೇಲೆ ಎದ್ದು ಹೋಗುತ್ತವೆ. ಇಷ್ಟಕ್ಕೆ ಹೊಲದವನು ಕುರಿಯವನಿಗೆ ದುಡ್ಡು ಕೊಡುತ್ತಾನೆ, ಕಾಳು ಕೊಡುತ್ತಾನೆ, ಕೆಲವೊಮ್ಮೆ ಮನೆಯಿಂದ ಊಟವನ್ನೂ ಕಳಿಸುತ್ತಾನೆ. ಕುರಿ ತರುಬಿಸುವುದು ಎನ್ನುತ್ತಾರೆ ಇಲ್ಲಿಯ ಜನ.

ನಾನು ಕರಾವಳಿಯವನು. ನಮ್ಮ ಕಡೆ ಕುರಿ ಅಪರೂಪ. ಗುಡ್ಡದಿಂದ ಸೊಪ್ಪು, ತರಗೆಲೆ ತಂದು ದನದ ಕಾಲಡಿಗೆ ಹಾಕಿ, ಅದು ಕೊಳೆತು ಗೊಬ್ಬರವಾದ ಮೇಲೆ ಹೆಡಿಗೆಯಲ್ಲಿ ತಲೆಯ ಮೇಲೆ ಹೊತ್ತು ಗದ್ದೆಗೆ ಹಾಕುವುದನ್ನು ನೋಡುತ್ತ ಬೆಳೆದವನು. ಗೊಬ್ಬರವೆಂದರೆ ಮನುಷ್ಯನ ಬೆನ್ನು, ಕುತ್ತಿಗೆಯ ದುಡಿಮೆ ಎಂದೇ ತಿಳಿದಿದ್ದವನಿಗೆ, ತಾನೇ ನಡೆದು ಬಂದು, ತಾನೇ ಹರಡಿಕೊಂಡು, ಬೆಳಗಾದರೆ ತಾನೇ ಎದ್ದು ಹೋಗುವ ಈ ಗೊಬ್ಬರ ದೊಡ್ಡ ಬೆರಗು. ಅದನ್ನು ನೋಡಲೆಂದೇ ಕುಷ್ಟಗಿಯಿಂದ ಹಿಡಿದು ಗಂಗಾವತಿಯ ಕಾಲುವೆಯ ತನಕ ಕುರಿಗಳ ದಾರಿ ಹಿಡಿದು ಹೊರಟೆ.

ಕುಷ್ಟಗಿ ದಾಟಿದರೆ ನೆಲದ ಎಲುಬು ಕಾಣುತ್ತದೆ. ಕೆಂಪು ಗ್ರಾನೈಟಿನ ಬೋಳು ಗುಡ್ಡಗಳು, ಅವುಗಳ ನಡುವೆ ತೆಳ್ಳಗಿನ ಕೆಂಪು ಮಣ್ಣಿನ ಮಸಾರಿ, ತಗ್ಗಿನಲ್ಲಿ ಕರಿ ಮಣ್ಣಿನ ಎರೆ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ನಮ್ಮೂರಿನಲ್ಲಿ ಅಷ್ಟು ಮಳೆ ಆಷಾಢದ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಅದೂ ಇಲ್ಲಿ ಹೇಳಿದ ಹೊತ್ತಿಗೆ ಬರುವುದಿಲ್ಲ. ಎರೆಯಲ್ಲಿ ಹಿಂಗಾರಿ ಜೋಳ ತೆನೆ ಹಿಡಿದು ನಿಂತಿತ್ತು, ಕಡಲೆ ಕಾಯಿಕಟ್ಟಿತ್ತು. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ ಕಟ್ಟಿಕೊಂಡು ಹೋದದ್ದರಲ್ಲಿ ಮೊದಲ ತುತ್ತನ್ನು ಹೊಲಕ್ಕೆ ಚರಗ ಚೆಲ್ಲಿದ್ದರಂತೆ. ಹೊಲಕ್ಕೂ ಹಸಿವಿದೆ, ಅದಕ್ಕೂ ಉಣಿಸಬೇಕು ಎಂಬುದನ್ನು ಈ ಜನ ಹಬ್ಬವಾಗಿಯೇ ಆಚರಿಸುತ್ತಾರೆ. ಎರೆಗೆ ಚರಗ ಸಿಕ್ಕಿತು. ಮಸಾರಿಯ ಪಾಲಿಗೆ ಕುರಿಗಳು ಬಂದವು.

ಹಿಂಡು ತಂಗುವ ಹೊಲಕ್ಕೆ ನಾನು ಹೋದಾಗ ಸೂರ್ಯ ಇಳಿದಿದ್ದ. ಮುದುಕ ಕುರಿಗಾರ, ಅವನ ಮಗ, ಸೊಸೆ, ಇಬ್ಬರು ಹುಡುಗರು, ಎರಡು ನಾಯಿ, ಸಾಮಾನು ಹೊರುವ ಒಂದು ಗಿಡ್ಡ ಕುದುರೆ. ಕುದುರೆಯ ಬೆನ್ನಿನಿಂದ ಬಲೆಯ ಸುರುಳಿ ಇಳಿಸಿ, ನಾಲ್ಕೂ ಮೂಲೆಗೆ ಗೂಟ ಬಡಿದು, ನಡುನಡುವೆ ಕೋಲು ಕೊಟ್ಟು ಬಲೆ ಎಳೆದು ಕಟ್ಟಿದರು. ಕೈ ಬಾಯಿ ಎರಡೂ ಒಟ್ಟಿಗೆ ಓಡುತ್ತಿದ್ದವು. ಬಲೆಯ ಒಂದು ಕಡೆ ಬಾಯಿ ಬಿಟ್ಟು ಮುದುಕ ನಾಲಿಗೆಯಿಂದ ಒಂದು ಸದ್ದು ಮಾಡಿದ, ಇಡೀ ಹಿಂಡು ಸುಮ್ಮನೆ ಒಳಗೆ ಹೋಯಿತು. ಮರಿಗಳಿಗೆ ಬೇರೆಯದೇ ಗುಂಪು. ತಾಯಂದಿರು ಒಳಗೆ ಬಂದ ಮೇಲೆ ಅವುಗಳನ್ನು ಬಿಟ್ಟಾಗ ಎದ್ದ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಅಷ್ಟು ತಾಯಂದಿರ ನಡುವೆ ಪ್ರತಿ ಮರಿಯೂ ತನ್ನ ತಾಯಿಯ ಕೆಚ್ಚಲನ್ನೇ ಹುಡುಕಿ ಹಿಡಿಯಿತು.

ಹಿಂಡಿನಲ್ಲಿ ಎರಡು ಬಗೆಯವು ಇದ್ದವು. ಮೈಮೇಲೆ ಕರಿ ಉಣ್ಣೆಯ ಡೆಕ್ಕನಿ ಕುರಿ, ಕಂಬಳಿಯ ತಾಯಿ. ಇನ್ನೊಂದು ಎತ್ತರದ ಕೆಂಗುರಿ, ಒಣಗಿದ ತೆಂಗಿನಕಾಯಿ ಸಿಪ್ಪೆಯ ಬಣ್ಣದ್ದು, ಉಣ್ಣೆಗಿಂತ ಮಾಂಸಕ್ಕೆ ಬೆಲೆಯುಳ್ಳದ್ದು. ರಾಯಚೂರು, ಕೊಪ್ಪಳ ಸೀಮೆಯೇ ಕೆಂಗುರಿಯ ತವರು. ಮುದುಕ ಹೊದ್ದದ್ದು ಕರಿ ಕಂಬಳಿ. ಮಗನದು ಪೇಟೆಯ ಜಾಕೀಟು. ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲವೆಂದು ಹಿಂಡಿನಲ್ಲಿ ಕೆಂಗುರಿಯೇ ಹೆಚ್ಚುತ್ತಿದೆ ಎಂದು ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಹೇಳಿದಳು.

ನನಗೆ ನೋಡಬೇಕಾಗಿದ್ದದ್ದು ಬೆಳಗಿನ ನೆಲ. ನಸುಕಿನಲ್ಲಿ ಹಿಂಡು ಎದ್ದು ನಿಂತ ಮೇಲೆ ಮುದುಕ ನನ್ನನ್ನು ಬಲೆಯೊಳಗೆ ಕರೆದ. ಕೆಂಪು ಮಣ್ಣಿನ ಮೇಲೆ ಕರಿ ಹಿಕ್ಕೆ, ಗೇಣಿಗೊಂದು ಮುಷ್ಟಿಯಂತೆ, ಯಾರೋ ಕೂತು ಎಣಿಸಿ ಹಾಕಿದಷ್ಟು ಸಮ. ನಡುನಡುವೆ ಉಚ್ಚೆ ಹೊಯ್ದು ಕಪ್ಪಾದ ತೇವದ ಗುರುತು. ಮೂಗಿಗೆ ಘಾಟು ಹೊಡೆಯಿತು. ಮುದುಕ ಹಿಡಿ ಮಣ್ಣೆತ್ತಿ ತೋರಿಸಿದ. "ಹಿಕ್ಕಿ ಎಲ್ಲಾರಿಗೂ ಕಾಣತೈತ್ರಿ ಅಣ್ಣಾರ. ಹೊಲಕ್ಕ ಬಲ ಬರೋದು ಈ ಉಚ್ಚಿಯಿಂದ. ತಿಪ್ಪಿಯೊಳಗ ಇದು ಸಿಗಂಗಿಲ್ಲ."

ಕೃಷಿ ವಿಜ್ಞಾನವೂ ಇದನ್ನೇ ಹೇಳುತ್ತದೆ. ಕೊಟ್ಟಿಗೆಯಿಂದ ಸೆಗಣಿ, ಹಿಕ್ಕೆ ಬಳಿದು ತಿಪ್ಪೆಗೆ ಹಾಕಿದಾಗ ಗಂಜಲವೆಲ್ಲ ನೆಲಕ್ಕಿಳಿದು ಹೋಗುತ್ತದೆ, ಸಾರಜನಕದ ಒಳ್ಳೆಯ ಪಾಲು ಅದರೊಡನೆಯೇ ಹೋಗುತ್ತದೆ. ಹೊಲದಲ್ಲೇ ಹಿಂಡು ತಂಗಿದರೆ ಎರಡೂ ಬೇಕಾದಲ್ಲೇ ಬೀಳುತ್ತವೆ. ಆಡು ಕುರಿಯ ಗೊಬ್ಬರದಲ್ಲಿ ನೂರಕ್ಕೆ ಸುಮಾರು 3 ಪಾಲು ಸಾರಜನಕ, 1 ಪಾಲು ರಂಜಕ, 2 ಪಾಲು ಪೊಟ್ಯಾಷ್ ಎಂದು ಲೆಕ್ಕ. ತಿಪ್ಪೆಯ ದನದ ಗೊಬ್ಬರ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬಿಸಿಲಿಗೆ ಬಿಟ್ಟರೆ ಆ ಘಾಟಿನೊಡನೆ ಸಾರಜನಕ ಗಾಳಿಗೆ ಹಾರುತ್ತದೆ. ಅದಕ್ಕೇ ಹಿಂಡು ಎದ್ದು ಹೋದ ಬೆನ್ನಿಗೇ ರೈತ ಕುಂಟೆ ಹೊಡೆದು ಹಿಕ್ಕೆಯನ್ನು ಮೇಲುಮಣ್ಣಿನಲ್ಲಿ ಬೆರೆಸಬೇಕು. ಆಳಕ್ಕೆ ಉಳುವುದು ಬೇಡ, ಮೇಲಿನ ನಾಲ್ಕು ಬೆರಳಿನಷ್ಟು ಕದಡಿದರೆ ಆಯಿತು. ನಾವು ನೋಡುತ್ತಿದ್ದಂತೆ ಹೊಲದವನ ಎತ್ತುಗಳು ಕುಂಟೆಯೊಡನೆ ಬಂದೇ ಬಿಟ್ಟವು.

ಅಂದು ಸಂಜೆ ಬಲೆ ಪಕ್ಕಕ್ಕೆ ಸರಿಯಿತು. ಒಂದೇ ಜಾಗದಲ್ಲಿ ಇನ್ನೊಂದು ರಾತ್ರಿ ಏಕೆ ಬೇಡ ಎಂದು ಕೇಳಿದೆ. "ಹೆಚ್ಚಾದ್ರ ಬೆಳಿ ಸುಡತೈತ್ರಿ. ಮಳಿ ತಡಾ ಮಾಡಿತಂದ್ರ ಸಸಿ ಒಣಗೇ ಬಿಡತಾವು. ಒಂದ್ ಮಗ್ಗಲಕ್ಕ ಒಂದ್ ರಾತ್ರಿ, ಮರುದಿನ ಸರಸೋದು." ಹಿಂಡಿನ ಆರೋಗ್ಯಕ್ಕೂ ಇದೇ ಒಳ್ಳೆಯದು. ಒಂದೇ ನೆಲದಲ್ಲಿ ಕುರಿ ನಿಂತೇ ಇದ್ದರೆ ಹಿಕ್ಕೆಯೊಡನೆ ಬಿದ್ದ ಜಂತಿನ ಮೊಟ್ಟೆ ಒಡೆದು, ಮರಿಹುಳು ಹಸಿ ಹುಲ್ಲೇರಿ, ಮತ್ತೆ ಕುರಿಯ ಹೊಟ್ಟೆಗೇ ಸೇರುತ್ತದೆ. ಹಿಂಡು ಮುಂದಕ್ಕೆ ಹೋದರೆ ಆ ಸುತ್ತು ಅಲ್ಲಿಗೇ ಕಡಿಯುತ್ತದೆ. ಬರಿದಾದ ಒಣ ಹೊಲ, ಸುಡುವ ಬಿಸಿಲು, ದಿನವೂ ಸರಿಯುವ ಬಲೆ, ಈ ಮೂರೂ ಸೇರಿದ್ದರಿಂದ ಇಲ್ಲಿಯ ಹಿಂಡುಗಳು ಜಂತಿನ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿಕೊಂಡಿವೆ.

ಈ ಮಾತಿಗೆ ಭೂಮಿಯ ಆಚೆ ಬದಿಯ ಒಂದು ಪ್ರಾಣಿಯನ್ನು ನೆನೆಯಲೇಬೇಕು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದಲ್ಲಿ, 4000 ಮೀಟರಿನ ಆಸುಪಾಸಿನ ಹುಲ್ಲುಗಾವಲಿನಲ್ಲಿ ಅಲ್ಪಾಕಾ ಎಂಬ ಉಣ್ಣೆಯ ಪ್ರಾಣಿ ಮೇಯುತ್ತದೆ. ಒಂಟೆಯ ದೂರದ ನೆಂಟ. ಕುರಿಗಿಂತ ಎತ್ತರ, ಉದ್ದ ಕತ್ತು. ಜಗತ್ತಿನ ಅಲ್ಪಾಕಾಗಳಲ್ಲಿ ಬಹುಪಾಲು ಪೆರು ದೇಶದಲ್ಲಿವೆ. ಈ ಪ್ರಾಣಿಗೆ ಒಂದು ವಿಚಿತ್ರ ಶಿಸ್ತು: ಇಡೀ ಹಿಂಡು ಹುಲ್ಲುಗಾವಲಿನ ಗೊತ್ತಾದ ಒಂದೆರಡು ಜಾಗದಲ್ಲಷ್ಟೇ ಹಿಕ್ಕೆ ಹಾಕುತ್ತದೆ, ಆ ಗುಡ್ಡೆಯ ಹತ್ತಿರದ ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಮೇಯುವ ನೆಲ ಹೀಗೆ ತಾನಾಗಿಯೇ ಜಂತಿನಿಂದ ದೂರ ಉಳಿಯುತ್ತದೆ. ಆದರೆ ಗೊಬ್ಬರವೆಲ್ಲ ಒಂದೇ ಕಡೆ ಗುಡ್ಡೆಯಾಗಿ, ಮಿಕ್ಕ ಹುಲ್ಲುಗಾವಲು ಸೊರಗುತ್ತದೆ. ಅದನ್ನು ಹೊತ್ತು ಹರಡುವ ಕೆಲಸ ಮನುಷ್ಯನ ಪಾಲಿಗೆ ಬರುತ್ತದೆ. ಕುರಿಯೋ ಎಲ್ಲೆಂದರಲ್ಲಿ ಹಾಕುತ್ತದೆ, ಹರಡುವ ಕೆಲಸ ತಪ್ಪುತ್ತದೆ, ಆದರೆ ಹಿಂಡನ್ನು ಸರಿಸುತ್ತ ಹೋಗುವ ಕೆಲಸ ಬೀಳುತ್ತದೆ. ಕುಷ್ಟಗಿಯ ಕುರಿಗಾರನ ಬಲೆ ಆ ಕೆಲಸಕ್ಕೆ ಹುಟ್ಟಿದ್ದು.

ಆಂಡಿಸಿನ ಜನ ಆ ಗುಡ್ಡೆಯಿಂದಲೇ ನಾಗರಿಕತೆ ಕಟ್ಟಿದರು ಎನ್ನುವ ಸಂಶೋಧನೆಯೂ ಇದೆ. ಪೆರುವಿನ ಕುಸ್ಕೊ ಸೀಮೆಯ ಮಾರ್ಕಕೋಚಾ ಎಂಬ ಪುಟ್ಟ ಕೆರೆಯ ತಳದ ಕೆಸರನ್ನು ಅಲೆಕ್ಸ್ ಚೆಪ್‌ಸ್ಟೋ-ಲಸ್ಟಿ ಎಂಬ ವಿಜ್ಞಾನಿ ಪದರ ಪದರವಾಗಿ ಓದಿದರು. ಹಿಕ್ಕೆ ತಿಂದು ಬದುಕುವ ಸೂಕ್ಷ್ಮ ನುಸಿಗಳು ಹೆಚ್ಚಾದ ಪದರದಲ್ಲೇ ಮೆಕ್ಕೆಜೋಳದ ಪರಾಗ ಕಾಣಿಸಿಕೊಂಡಿತ್ತು. ಸುಮಾರು 2700 ವರ್ಷಗಳ ಹಿಂದೆ ಅಷ್ಟು ಎತ್ತರದ ಬಡ ಮಣ್ಣಿನಲ್ಲಿ ಮೆಕ್ಕೆಜೋಳ ಬೆಳೆಯಲು ಅಲ್ಪಾಕಾದ ಹತ್ತಿರದ ನೆಂಟರಾದ ಲಾಮಾಗಳ ಹಿಕ್ಕೆಯೇ ಕಾರಣ ಎಂದು 2011ರಲ್ಲಿ ಅವರು ಬರೆದರು. ಅದೇ ದೇಶದ ಕರಾವಳಿಯ ಚಿಂಚಾ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಬೆಟ್ಟವಾಗಿ ಬಿದ್ದಿತ್ತು. ಆ ಹಕ್ಕಿಗಳನ್ನು ಕೊಂದವರಿಗೆ ಇಂಕಾ ಅರಸರ ಕಾಲದಲ್ಲಿ ಮರಣದಂಡನೆಯಿತ್ತು ಎಂದು ಗಾರ್ಸಿಲಾಸೊ ದೆ ಲಾ ವೇಗಾ ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು ಆ ಬೆಟ್ಟಗಳನ್ನು ಅಗೆದು ಹಡಗಿನಲ್ಲಿ ಹೊತ್ತು ತನ್ನ ಹೊಲಗಳಿಗೆ ಸುರಿದುಕೊಂಡಿತು. ಅದು ಮುಗಿಯುತ್ತ ಬಂದಂತೆ ಕಾರ್ಖಾನೆಯ ಗೊಬ್ಬರದ ಕಾಲ ಬಂತು.

ಇತ್ತ ನಮ್ಮ ಹಿಂಡು ಯಲಬುರ್ಗಾ ದಾಟಿ ದಕ್ಷಿಣಕ್ಕೆ ಹೊರಟಿತು. ದಾರಿಯ ಬದಿಗೆ ಇಟಗಿಯ ಮಹಾದೇವ ದೇವಾಲಯ, 1112ರಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಆ ಕಂಬಗಳ ಕಡೆದ ನುಣುಪನ್ನು ನೋಡಲು ಒಂದು ಹಗಲು ಸಾಲದು. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಜನ ಸಾಗರ. ಅಲ್ಲಿ ನಿಲ್ಲದೆ ಮುಂದೆ ಹೋದೆ. ನನ್ನ ಮನಸ್ಸು ಹಿಂಡಿನ ಹಿಂದೆಯೇ ಇತ್ತು. ಹಿರೇಬೆಣಕಲ್ ಗುಡ್ಡದ ಮೇಲೆ ಮಾತ್ರ ಕೂತೆ. ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ ಕಟ್ಟಿದ ನೂರಾರು ಶಿಲಾ ಮನೆಗಳು, ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ತಮ್ಮ ಸತ್ತವರಿಗಾಗಿ ಎಬ್ಬಿಸಿದ್ದು. ಆ ಗುಡ್ಡದ ಇಳಿಜಾರಿನಲ್ಲೂ ಕುರಿ ಮೇಯುತ್ತಿದ್ದವು.

ಆದರೆ ಗೊಬ್ಬರದ ಕಥೆ ಈ ಶಿಲೆಗಳಿಗಿಂತ ಹಳೆಯದು. ಆನೆಗೊಂದಿಯ ಎದುರು ದಡದಲ್ಲಿ, ಹಂಪಿಯ ಕಡೆಯ ನಿಂಬಾಪುರದ ಹತ್ತಿರ, ಒಂದು ಬೂದಿಯ ದಿಬ್ಬವಿದೆ. ವಾಲಿಯ ಚಿತೆಯ ಬೂದಿ ಎಂದು ಜನ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಕಿಷ್ಕಿಂಧೆಯ ನೆಲವಲ್ಲವೇ, ವಾನರ ರಾಜನ ಚಿತೆ ಎಂದರೆ ಅಷ್ಟು ದೊಡ್ಡದಾಗಿಯೇ ಇರಬೇಕು. ಇಂಥ ದಿಬ್ಬಗಳು ಬಳ್ಳಾರಿಯ ಕುಡತಿನಿಯಲ್ಲಿ, ಕುಪ್ಪಗಲ್ಲಿನಲ್ಲಿ, ಸುರಪುರದ ಬೂದಿಹಾಳದಲ್ಲಿ, ತೆಲಂಗಾಣದ ಉಟ್ನೂರಿನಲ್ಲಿ ಇವೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇವು ಹೊಸ ಶಿಲಾಯುಗದವರು ಬಿಟ್ಟ ಸೆಗಣಿಯ ರಾಶಿ ಎಂದು ಗುರುತಿಸಿದ್ದರು. 1957ರಲ್ಲಿ ಉಟ್ನೂರು ಅಗೆದ ಎಫ್. ಆರ್. ಆಲ್ಚಿನ್ ಅಲ್ಲಿ ದನಗಳ ದೊಡ್ಡಿಯ ಗೂಟದ ಗುಳಿಗಳನ್ನೂ ಗೊರಸಿನ ಗುರುತನ್ನೂ ಕಂಡರು. ಬೂದಿಹಾಳದಲ್ಲಿ ಕೆ. ಪದ್ದಯ್ಯ ದೊಡ್ಡಿ, ಮನೆಗಳಿದ್ದ ಇಡೀ ನೆಲೆಯನ್ನೇ ಬಿಡಿಸಿಟ್ಟರು. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಜನ ದನಗಳನ್ನು ದೊಡ್ಡಿಯಲ್ಲಿ ಕೂಡಿ, ಕಾಲ ಕಾಲಕ್ಕೆ ಸೆಗಣಿಯ ರಾಶಿಗೆ ಬೆಂಕಿಯಿಡುತ್ತಿದ್ದರು. ಬೆಂಕಿಯ ಕಾವಿಗೆ ಅದು ಕರಗಿ ಗಾಜಿನಂತೆ ಹೆಪ್ಪುಗಟ್ಟಿದ ಕಡೆಗಳೂ ಇವೆ. ದಿಬ್ಬದ ಬುಡದಲ್ಲಿ ನಿಂತು ನನಗೆ ಅನ್ನಿಸಿದ್ದು ಇಷ್ಟು: ಹೊಲಕ್ಕೆ ಹೋಗಬಹುದಾಗಿದ್ದ ಎಷ್ಟೊಂದು ತಲೆಮಾರಿನ ಬಲ ಇಲ್ಲಿ ಬೂದಿಯಾಗಿ ನಿಂತಿದೆ! ಆಮೇಲಿನ ಯಾವುದೋ ತಲೆಮಾರು ದೊಡ್ಡಿಯನ್ನು ಕಿತ್ತು ಹೊಲಕ್ಕೆ ಒಯ್ದಿತು, ಸುಡುವುದನ್ನು ಬಿಟ್ಟು ಮಣ್ಣಿಗೆ ಬೆರೆಸಿತು. ಆ ತಲೆಮಾರಿನವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಗಂಗಾವತಿ ಬಂದರೆ ಲೋಕ ಬದಲಾಗುತ್ತದೆ. ಮುನಿರಾಬಾದಿನಲ್ಲಿ 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯ ಈ ತಾಲ್ಲೂಕನ್ನು ಭತ್ತದ ಕಣಜ ಮಾಡಿತು. ಎಡದಂಡೆ ಕಾಲುವೆಯ ಗುಂಟ ಕಣ್ಣು ಹಾಯುವಷ್ಟು ಮಡಿಗಳು. ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ರೈತರ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಮುಂಗಾರಿನ ಸೋನಾ ಮಸೂರಿ ಕೊಯ್ದು ಕೂಳೆ ಉಳಿದ ಮಡಿ ಒಂದು ಕಡೆ, ಎರಡನೇ ಬೆಳೆಗೆ ನೀರು ಕಟ್ಟಿ ನಾಟಿ ಮಾಡಿದ ಮಡಿ ಇನ್ನೊಂದು ಕಡೆ. ಒಣಸೀಮೆಯ ಹಿಂಡುಗಳಿಗೆ ಮೇವು, ನೀರು ಎರಡೂ ಇಲ್ಲಿವೆ. ಅಪಾಯವೂ ಇಲ್ಲೇ ಇದೆ.

ಕುಷ್ಟಗಿಯಲ್ಲಿ ಕುರಿ ಹೊಲಕ್ಕೆ ಗೊಬ್ಬರ ಕೊಡುತ್ತದೆ. ಗಂಗಾವತಿಯಲ್ಲಿ ಹೊಲಕ್ಕೆ ಹಾಕಿದ ಗೊಬ್ಬರ ಕುರಿಯನ್ನು ಕೊಲ್ಲಬಲ್ಲದು.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಕ್ಷಣದಲ್ಲಿ ಅಮೋನಿಯಾ ಮಾಡುತ್ತವೆ. ಚೂರುಪಾರು ಆದರೆ ಅದನ್ನೇ ಬಳಸಿಕೊಂಡು ಬೆಳೆಯುತ್ತವೆ. ಮಿತಿ ಮೀರಿದರೆ ಅಮೋನಿಯಾ ರಕ್ತಕ್ಕಿಳಿಯುತ್ತದೆ. ಹೊಟ್ಟೆ ಉಬ್ಬರಿಸಿ, ಬಾಯಲ್ಲಿ ನೊರೆ ಬಂದು, ಮೈ ನಡುಗಿ, ಕಾಲು ಸೆಟೆದು ಕುರಿ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಲೂಬಹುದು. ಕುರಿ ಬೇಕೆಂದು ಯೂರಿಯಾ ತಿನ್ನುವುದಿಲ್ಲ. ಬದುವಿನ ಮೇಲೆ ಬಿಟ್ಟ ಖಾಲಿ ಚೀಲವನ್ನು ಉಪ್ಪಿನಾಸೆಗೆ ನೆಕ್ಕುತ್ತದೆ. ಗೊಬ್ಬರ ಎರಚಿದ ಮಡಿಯ ನಿಂತ ನೀರನ್ನು ಬಾಯಾರಿ ಕುಡಿಯುತ್ತದೆ. ಚೀಲ ಬಿಚ್ಚಿದಲ್ಲಿ ಚೆಲ್ಲಿದ ಕಾಳನ್ನು ಹುಲ್ಲಿನೊಡನೆ ಮೇಯುತ್ತದೆ. ಹೀಗಾದಾಗ ಹುಳಿ ಬೇಕು: ವಿನಿಗರ್ ಮತ್ತು ತಣ್ಣೀರು ಕುಡಿಸಿದರೆ ಹೊಟ್ಟೆಯ ಕ್ಷಾರ ತಗ್ಗಿ ಅಮೋನಿಯಾ ರಕ್ತಕ್ಕೆ ಹೋಗುವುದು ನಿಧಾನವಾಗುತ್ತದೆ. ಆದರೆ ಹೊಲದ ನಡುವೆ ವಿನಿಗರ್ ಬಾಟಲಿ ಎಲ್ಲಿಂದ ಬರಬೇಕು, ಪಶು ವೈದ್ಯರು ಎಷ್ಟು ಹೊತ್ತಿಗೆ ಮುಟ್ಟಬೇಕು? ಕುದುರೆ ಹೊರುವ ಸಾಮಾನಿನ ಚೀಲದಲ್ಲಿ ಅದೊಂದು ಬಾಟಲಿ ಇರಲೇಬೇಕು ಎಂದು ನಾನು ಸಿಕ್ಕ ಪ್ರತಿ ಕುರಿಗಾರನಿಗೂ ಹೇಳುತ್ತ ಹೋದೆ.

ಇನ್ನೊಂದು ವಿಷ ಕಣ್ಣಿಗೆ ಕಾಣದ್ದು. ಗೊಬ್ಬರ ಜೋರಾಗಿ ಹಾಕಿದ ಮೆಕ್ಕೆಜೋಳ, ಜೋಳ, ಸಜ್ಜೆ ನೀರಿಲ್ಲದೆ ಬಾಡಿದಾಗ, ಹೀರಿಕೊಂಡ ಸಾರಜನಕ ಬಳಕೆಯಾಗದೆ ದಂಟಿನ ಬುಡದಲ್ಲಿ ನೈಟ್ರೇಟ್ ಆಗಿ ಉಳಿಯುತ್ತದೆ. ಅದನ್ನು ಮೇಯ್ದ ಕುರಿಯ ರಕ್ತ ಪ್ರಾಣವಾಯು ಹೊರಲಾರದೆ ಚಾಕೊಲೇಟಿನ ಕಂದು ಬಣ್ಣಕ್ಕೆ ತಿರುಗುತ್ತದೆ. ಎಳೆಯ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ಇವುಗಳಲ್ಲಿ ಸಯನೈಡ್ ಬೇರೆ ಇರುತ್ತದೆ. ಜೋಳದ ಸೀಮೆಯಲ್ಲಿ ಹುಟ್ಟಿದ ಯಾವ ಕುರಿಗಾರನೂ ಬಾಡಿದ ಎಳೆ ಜೋಳಕ್ಕೆ ಹಿಂಡು ಬಿಡುವುದಿಲ್ಲ. ಅದು ತಂದೆ ಮಗನಿಗೆ ಹೇಳಿಕೊಡುವ ಮೊದಲ ಪಾಠ. ಆದರೆ ಆ ಪಾಠದಲ್ಲಿ ಒಂದು ಬಿರುಕಿದೆ, ಅದನ್ನು ಇಲ್ಲಿ ಒತ್ತಿ ಹೇಳಬೇಕು. ಚೆನ್ನಾಗಿ ಒಣಗಿಸಿದ ಜೋಳದ ಮೇವಿನಲ್ಲಿ ಸಯನೈಡ್ ಇಳಿಯುತ್ತದೆ. ನೈಟ್ರೇಟ್ ಇಳಿಯುವುದಿಲ್ಲ. ಒಣಗಿದೆ, ಇನ್ನು ಭಯವಿಲ್ಲ ಎಂಬ ಹಳೆಯ ನಂಬಿಕೆ ಯೂರಿಯಾ ಬರುವ ಮೊದಲಿನ ಹೊಲಕ್ಕೆ ಸಾಕಾಗಿತ್ತು. ಈಗಿನ ಹೊಲಕ್ಕೆ ಸಾಲದು. ಅಂಥ ದಂಟನ್ನು ಹಸಿದ ಹಿಂಡಿಗೆ ಒಮ್ಮೆಲೇ ಹಾಕದೆ, ಬೇರೆ ಮೇವಿನಿಂದ ಹೊಟ್ಟೆ ಅರ್ಧ ತುಂಬಿಸಿ, ಬುಡ ಬಿಟ್ಟು ಮೇಲಿನ ಗರಿಯನ್ನಷ್ಟೇ ಮೇಯಿಸುವುದು ಕ್ಷೇಮ.

ಕೋಳಿ ಗೊಬ್ಬರ ಹಾಕಿದ ಹೊಲದಲ್ಲೂ ಎಚ್ಚರ ಬೇಕು. ಕೋಳಿಯ ಆಹಾರದಲ್ಲಿ ಸೇರಿಸುವ ತಾಮ್ರ ಹಿಕ್ಕೆಯಲ್ಲಿ ಉಳಿಯುತ್ತದೆ, ಬೇರೆ ಜಾನುವಾರಿಗಿಂತ ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ. ಸತ್ತ ಕೋಳಿಯ ತುಣುಕು ಗೊಬ್ಬರದಲ್ಲಿ ಸೇರಿದ್ದರೆ ಬಾಟುಲಿಸಂ ಎಂಬ ಮಾರಕ ಕಾಯಿಲೆಗೂ ದಾರಿ. ಇನ್ನು ಕಾಲುವೆಯ ಬಸಿನೀರಿನ ಬಸವನಹುಳುಗಳಿಂದ ಬರುವ ಚಪ್ಪಟೆ ಹುಳು ಕುರಿಯ ಪಿತ್ತಜನಕಾಂಗ ತಿನ್ನುತ್ತದೆ. ಒಣ ಹೊಲದಲ್ಲಿ ಹಿಂಡು ತಪ್ಪಿಸಿಕೊಂಡ ಹುಳುವಿನ ಕಾಟ ಇಲ್ಲಿ ಕಾದು ಕೂತಿರುತ್ತದೆ.

ಅಲ್ಪಾಕಾವನ್ನು ಈಗ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲೂ ಸಾಕುತ್ತಾರೆ, ಅಲ್ಲಿಯ ಹುಲ್ಲುಗಾವಲಿಗೂ ಗೊಬ್ಬರ ಹಾಕುತ್ತಾರೆ. ಅವರು ಪಾಲಿಸುವ ಪಾಠವೂ ಇದೇ ದಾರಿಯದು: ಹುಲ್ಲುಗಾವಲನ್ನು ತುಂಡು ತುಂಡಾಗಿ ಬೇಲಿ ಹಾಕಿ ಒಂದರಲ್ಲಿ ಮೇಯಿಸುವಾಗ ಇನ್ನೊಂದಕ್ಕೆ ಗೊಬ್ಬರ ಹಾಕುವುದು, ಹಾಕಿದ ಕಾಳು ಮಳೆಗೆ ಪೂರ್ತಿ ಕರಗಿ, ಹೊಸ ಹುಲ್ಲು ಎದ್ದು ನಿಲ್ಲುವ ತನಕ, ಅಂದರೆ ಎರಡು ಮೂರು ವಾರವಾದರೂ, ಹಿಂಡನ್ನು ಒಳಗೆ ಬಿಡದಿರುವುದು, ಹಿಕ್ಕೆಯನ್ನು ಅದೇ ಪ್ರಾಣಿ ಮೇಯುವ ನೆಲಕ್ಕೆ ಹಸಿಯಾಗಿ ಹರಡದೆ, ರಾಶಿ ಹಾಕಿ ಕಾವು ಏರಿಸಿ ಜಂತಿನ ಮೊಟ್ಟೆ ಸತ್ತ ಮೇಲೆ ಹರಡುವುದು. ಅಲ್ಲಿ ಹುಲ್ಲಿನ ಒಡೆಯನೂ ಹಿಂಡಿನ ಒಡೆಯನೂ ಒಬ್ಬನೇ, ಹಾಗಾಗಿ ಯಾವ ತುಂಡಿಗೆ ಯಾವಾಗ ಏನು ಹಾಕಿದೆ ಎಂಬುದು ಅವನಿಗೆ ಗೊತ್ತು. ಕೊಪ್ಪಳ ಜಿಲ್ಲೆಯಲ್ಲಿ ಹೊಲ ಒಬ್ಬನದು, ಹಿಂಡು ಇನ್ನೊಬ್ಬನದು. ಗೊಬ್ಬರ ಹಾಕಿದವನು ಬಾಯಿ ಬಿಟ್ಟು ಹೇಳದಿದ್ದರೆ ಹಿಂಡಿನವನಿಗೆ ತಿಳಿಯುವ ದಾರಿಯೇ ಇಲ್ಲ. ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ರಾಜ್ಯದಲ್ಲಿದೆ, ಅದು ಬೇಕು. ಅದಕ್ಕಿಂತ ಮೊದಲು ಬೇಕಾದದ್ದು ಬದುವಿನ ಮೇಲೆ ನಿಂತು ಆಡುವ ಒಂದು ಮಾತು.

ಹಾಗೆಂದು ಕಾಲುವೆಯ ರೈತ ಕುರಿಯನ್ನು ಬೇಡವೆನ್ನುವ ಸ್ಥಿತಿಯಲ್ಲಿಲ್ಲ. ವರ್ಷಕ್ಕೆ ಎರಡು ಬೆಳೆ ಭತ್ತ, ನಿಂತ ನೀರು, ಚೀಲ ಚೀಲ ಗೊಬ್ಬರ, ಇವೆಲ್ಲ ಸೇರಿ ಇಲ್ಲಿಯ ಎಷ್ಟೋ ನೆಲ ಸವಳು ಜವಳಾಗಿದೆ. ಮೇಲೆ ಬಿಳಿ ಉಪ್ಪು ಹೊಮ್ಮಿದ ಮಡಿಗಳನ್ನು ದಾರಿಯಲ್ಲೇ ಕಂಡೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ನೆಲವನ್ನು ಸರಿಪಡಿಸುವ ಬಗೆಯನ್ನೇ ಮುಖ್ಯ ಕೆಲಸವಾಗಿ ಹಿಡಿದಿದೆ. ಬಸಿಗಾಲುವೆ, ಜಿಪ್ಸಮ್ ಮೊದಲಾದವುಗಳ ಜೊತೆಗೆ ಮಣ್ಣಿಗೆ ಸಾವಯವ ಅಂಶ ಸೇರಬೇಕು ಎಂಬುದರಲ್ಲಿ ಯಾರಿಗೂ ಎರಡು ಮಾತಿಲ್ಲ. ಆ ಅಂಶವನ್ನು ಸಾಗಣೆಯ ಖರ್ಚಿಲ್ಲದೆ ಮಡಿಗೇ ತಂದುಕೊಡುವುದು ಮಸಾರಿಯಿಂದ ನಡೆದು ಬಂದ ಹಿಂಡು.

ಕಾರಟಗಿಯ ಕಡೆಯ ಒಂದು ಕ್ಯಾಂಪಿನಲ್ಲಿ ನಮ್ಮ ಹಿಂಡಿನ ಮುದುಕ ಬದುವಿನ ಕೊನೆಯಲ್ಲೇ ನಿಂತುಬಿಟ್ಟ. ಕುರಿಗಳು ಹಸಿದಿದ್ದವು, ಕೂಳೆಯ ನಡುವೆ ಹಸಿರು ಚಿಗುರಿತ್ತು. ಆದರೂ ಅವನು ಕಂಬಳಿ ಅಡ್ಡ ಹಿಡಿದು ಹಿಂಡನ್ನು ತಡೆದ. ಮೋಟಾರ್ ಸೈಕಲ್ಲಿನಲ್ಲಿ ಬಂದ ರೈತ ಇಳಿದು ಮಾತಿಗೆ ನಿಂತ. ಮನೆಮಾತು ತೆಲುಗು, ಕನ್ನಡ ಮೂರು ತಲೆಮಾರಿನಿಂದ ಕಲಿತದ್ದು.

"ಧಣಿ, ಯಾವ ಮಡಿಗೆ ಏನ್ ಹಾಕೀರಿ, ಮೊದಲ ಅದನ್ನ ಹೇಳ್ರಿ."

"ಈ ಆರು ಮಡಿ ಕೊಯ್ದ ಮ್ಯಾಲ ಏನೂ ಹಾಕಿಲ್ಲಪ್ಪ. ಇಲ್ಲೇ ನಿಲ್ಸು. ಕಾಲುವಿ ಆ ಕಡೀದು ನಾಟಿ ಮಾಡಿದ್ದು, ಮೊನ್ನೆ ಯೂರಿಯಾ ಹೊಡದೀವಿ. ಅಲ್ಲಿ ನೀರು ಕುಡಸಬ್ಯಾಡ."

"ಔಷಧಿ?"

"ಅದೂ ಆ ಕಡೀಗೇ."

"ಚೀಲ?"

ರೈತ ಸುತ್ತ ನೋಡಿದ. ಬದುವಿನ ಮೂಲೆಯಲ್ಲಿ ಎರಡು ಖಾಲಿ ಚೀಲ ಗಾಳಿಗೆ ಮಗುಚಿ ಬಿದ್ದಿದ್ದವು. ತಾನೇ ಹೋಗಿ ಎತ್ತಿ, ಮಡಚಿ, ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡ. ಆಮೇಲೆ ದರದ ಮಾತು. ರಾತ್ರಿಗೆ ಇಷ್ಟು ದುಡ್ಡು, ಮೇಲೆ ಒಂದು ಚೀಲ ಭತ್ತ, ಕುಡಿಯುವ ನೀರಿಗೆ ರೈತನ ಬೋರಿನ ತೊಟ್ಟಿ. ರಾತ್ರಿ ತೋಳ ಬರುತ್ತವೆಯೇ ಎಂದು ರೈತ ಕೇಳಿದ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿದೆ. ಕುರುಚಲು ಬಯಲಿನ ಆ ಪ್ರಾಣಿಯೂ ಹಿಂಡುಗಳ ದಾರಿಯನ್ನೇ ನಂಬಿ ಬದುಕಿದೆ. ನಾಯಿಗಳಿವೆ, ಕಾಯುತ್ತವೆ ಎಂದ ಮುದುಕ. ಕುಂಟೆಯ ಬದಲು ಇಲ್ಲಿ ಟ್ರ್ಯಾಕ್ಟರಿನ ಹಗುರ ರೋಟವೇಟರ್ ಸಾಕೇ ಎಂಬ ಪ್ರಶ್ನೆ ಬಂತು, ಸಾಕು, ಆದರೆ ಅದೇ ದಿನ ಬೆಳಿಗ್ಗೆ ಹೊಡೆಯಬೇಕು, ಬಿಸಿಲಿಗೆ ಬಿಡಬಾರದು ಎಂಬ ಉತ್ತರವೂ. ಹಿಂಡಿಗೆ ಜಂತಿನ ಔಷಧಿ ಯಾವಾಗ ಕುಡಿಸಿದ್ದು ಎಂದು ರೈತ ವಿಚಾರಿಸಿದ. ಗಂಗಾವತಿಯ ಪಶು ಆಸ್ಪತ್ರೆಯಲ್ಲಿ ಬರುವಾಗಲೇ ಕುಡಿಸಿದೆ, ಕಾಲುವೆಯ ಸೀಮೆ ಬಿಟ್ಟು ಹೋಗುವ ಮುಂಚೆ ಇನ್ನೊಮ್ಮೆ ಕುಡಿಸುತ್ತೇವೆ ಎಂದ ಮಗ.

ಮುದುಕ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದ. ಸೊಸೆ ಕುದುರೆಯಿಂದ ಬಲೆ ಇಳಿಸತೊಡಗಿದಳು. ಕಾಲುವೆಯ ಕಡೆಯ ಬದುವಿಗೆ ಮೊದಲು ಬಲೆ ಕಟ್ಟಿ, ಆ ನೀರಿನ ದಾರಿ ಮುಚ್ಚಿದ ಮೇಲೆಯೇ ಹಿಂಡನ್ನು ಮಡಿಗೆ ಬಿಟ್ಟರು.